ತಳ ಕಾಣುವ ಕೊಳ

ನೀರಿನ ವಿಷಯದಲ್ಲಿ ತೊಕುಜಿಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ ಎಂಬುದು ಆ ಗುಡ್ಡದ ಊರಿನ ಇಪ್ಪತ್ತೆರಡು ಮನೆಗಳಿಗೂ ಗೊತ್ತಿತ್ತು. ಏಕೆಂದರೆ ಅದನ್ನು ತೊಕುಜಿಯೇ ಮನೆಮನೆಗೆ ಹೋಗಿ ತಿಳಿಸಿದ್ದ. ಕೆಳಗಿನ ಪಟ್ಟಣದ ನೀರು ಸರಬರಾಜು ಕಚೇರಿಯಲ್ಲಿ ಮೂವತ್ತೆಂಟು ವರ್ಷ ದುಡಿದು, ನಿವೃತ್ತನಾಗಿ, ಹೆಂಡತಿ ಫುಸಾಯೆಯ ತವರುಮನೆಯಲ್ಲಿ ಬಂದು ನೆಲೆಸಿದ ಮೊದಲ ಚಳಿಗಾಲದಲ್ಲೇ ಅವನು ಸಮುದಾಯ ಭವನದಲ್ಲಿ ‘ನಾವು ಮತ್ತು ನಮ್ಮ ನೀರು’ ಎಂಬ ಉಪನ್ಯಾಸ ಕೊಟ್ಟ. ಹನ್ನೊಂದು ಜನ ಬಂದಿದ್ದರು. ಹೊರಗೆ ಎದೆಮಟ್ಟ ಹಿಮ ಬಿದ್ದಿತ್ತು, ಭವನದಲ್ಲಿ ಒಲೆ ಉರಿಯುತ್ತಿತ್ತು. ಈ ಊರಿನ ಕೊಳಗಳ ನೀರು ಕಲಗಚ್ಚಿನ ಬಣ್ಣಕ್ಕಿದೆ, ಪಟ್ಟಣದಲ್ಲಾಗಿದ್ದರೆ ಇಷ್ಟು ಹೊತ್ತಿಗೆ ನೋಟಿಸು ಹೋಗುತ್ತಿತ್ತು ಎಂದು ಕೊನೆಯಲ್ಲಿ ಅವನು ಸೌಮ್ಯವಾಗಿ ತಿಳಿಸಿದ. ಕೇಳುತ್ತಿದ್ದ ಹನ್ನೊಂದು ಜನರಲ್ಲಿ ಒಂಬತ್ತು ಜನ ಮೂರು ತಲೆಮಾರಿನಿಂದ ಬಣ್ಣದ ಕೋಯಿ ಮೀನು ಸಾಕಿಕೊಂಡು ಬಂದವರು. ಅವರು ಚಪ್ಪಾಳೆ ತಟ್ಟಿ ಮನೆಗೆ ಹೋದರು.

ಆದ್ದರಿಂದ ಪಕ್ಕದ ಮನೆಯ ಕಿಹಾಚಿ ಅಜ್ಜ ಸೊಂಟದ ಶಸ್ತ್ರಚಿಕಿತ್ಸೆಗೆ ಹೋಗುವ ಮುನ್ನ ತನ್ನ ಮೀನನ್ನು ತೊಕುಜಿಯ ಕೊಳದಲ್ಲಿ ಬಿಟ್ಟು ಹೋಗುತ್ತೇನೆ ಎಂದಾಗ, ತೊಕುಜಿಗೆ ಆಶ್ಚರ್ಯವಾಗಲಿಲ್ಲ. ಅಜ್ಜ ಅವನನ್ನು ಆರಿಸಿದ್ದು ಅವನ ಕೊಳ ಇಪ್ಪತ್ತು ಹೆಜ್ಜೆ ದೂರದಲ್ಲಿದೆ ಎಂಬ ಕಾರಣಕ್ಕೆ. ತೊಕುಜಿ ಬೇರೆ ಕಾರಣ ಊಹಿಸಿಕೊಂಡ.

ಅದು ಸಾಮಾನ್ಯ ಮೀನಲ್ಲ. ಇಪ್ಪತ್ತಾರು ವರ್ಷದ ಹೆಣ್ಣು, ತೋಳಿನಷ್ಟು ಉದ್ದ, ಹಾಲಿನಂಥ ಮೈಮೇಲೆ ಕುಂಕುಮದ ತೇಪೆಗಳು. ಊರಿನ ಮುಕ್ಕಾಲು ಕೊಳಗಳಲ್ಲಿ ಈಜುವ ಮೀನುಗಳಿಗೆ ಅದು ತಾಯಿ, ಇಲ್ಲವೇ ಅಜ್ಜಿ. ಭೂಕಂಪದ ವರ್ಷ ರಸ್ತೆಗಳೆಲ್ಲ ಕುಸಿದು ಊರವರನ್ನು ಹೆಲಿಕಾಪ್ಟರಿನಲ್ಲಿ ಇಳಿಸುವಾಗ, ಅದನ್ನು ಹತ್ತಿಸುವವರೆಗೆ ನಾನು ಹತ್ತುವುದಿಲ್ಲ ಎಂದು ಕಿಹಾಚಿ ಕೆಸರಿನಲ್ಲಿ ಕೂತುಬಿಟ್ಟಿದ್ದ. ಹೆಂಡತಿ ಹೋಗಿ ಹದಿನಾಲ್ಕು ವರ್ಷವಾಗಿತ್ತು. ಹಿಂದಿನ ವರ್ಷ ಕಸುಬು ನಿಲ್ಲಿಸಿ, ಅಂಗಳದ್ದೊಂದು ಬಿಟ್ಟು ಕೊಳಗಳನ್ನೆಲ್ಲ ಬತ್ತಿಸಿದಾಗ ಈ ಒಂದು ಮೀನನ್ನು ಮಾತ್ರ ಉಳಿಸಿಕೊಂಡ. ಅವನ ಅಂಗಳದಲ್ಲಿ ಉಸಿರಾಡುವ ಇನ್ನೊಂದು ಜೀವ ಅದೊಂದೇ.

“ಮೂರು ವಾರ. ಹೆಚ್ಚಂದ್ರೆ ನಾಲ್ಕು,” ಎಂದ ಕಿಹಾಚಿ.

“ನೀರಿನ ಚಿಂತೆ ನನಗೆ ಬಿಡಿ, ಅಜ್ಜ.”

“ನೀನು ಚಿಂತೆ ಮಾಡೋದೂ ಬೇಡ. ದಿನಾ ಒಂದು ಹಿಡಿ ಆಹಾರ ಹಾಕು. ಬೇರೆ ಏನೂ ಮಾಡಬೇಡ.”

ಇಲ್ಲಿ ಆ ಊರಿನ ನಡೆವಳಿಕೆಯ ಬಗ್ಗೆ ಎರಡು ಮಾತು ಹೇಳಬೇಕು. ಅಲ್ಲಿ ‘ಟೀ ಏನೂ ಬೇಡ’ ಎಂದ ಅತಿಥಿಗೆ ಟೀ ಜೊತೆ ಉಪ್ಪಿನಕಾಯಿಯೂ ಬರುತ್ತದೆ. ‘ಬರಿಗೈಲಿ ಬನ್ನಿ’ ಎಂದು ಕರೆದವರ ಮನೆಗೆ ಬರಿಗೈಯಲ್ಲಿ ಹೋದವನ ಹೆಸರು ಮೂರು ವರ್ಷ ಮಾತಿಗೆ ಸಿಗುತ್ತದೆ. ಏನೂ ಮಾಡಬೇಡಿ ಎಂದವರಿಗೆ ಎಲ್ಲವನ್ನೂ ಮಾಡುವುದೇ ಅಲ್ಲಿ ಮರ್ಯಾದೆ. ಇಡೀ ಗುಡ್ಡದಲ್ಲಿ ಬಾಯಲ್ಲಿ ಬಂದದ್ದನ್ನೇ ಮನಸ್ಸಿನಲ್ಲೂ ಇಟ್ಟುಕೊಂಡಿದ್ದ ಮನುಷ್ಯ ಕಿಹಾಚಿ ಒಬ್ಬನೇ. ಊರಿಗೆ ಬಂದು ನಾಲ್ಕೇ ವರ್ಷವಾಗಿದ್ದ ತೊಕುಜಿಗೆ ಇದು ಗೊತ್ತಿರಲಿಲ್ಲ. ಅವನು ಸಭ್ಯ ಮನುಷ್ಯ. ಅಜ್ಜನ ಟ್ಯಾಕ್ಸಿ ತಿರುವು ದಾಟುವ ಮೊದಲೇ ಷರ್ಟಿನ ತೋಳು ಮಡಚಿದ.

ಕೊಳದ ಪಕ್ಕದಲ್ಲಿ ಫಿಲ್ಟರ್ ಪೆಟ್ಟಿಗೆ ಇತ್ತು. ಅದನ್ನು ಮಾಡಿಸಿದ್ದು ಫುಸಾಯೆಯ ಅಪ್ಪ; ತೊಕುಜಿ ಇದುವರೆಗೆ ಅದರ ಮುಚ್ಚಳ ತೆಗೆದಿರಲಿಲ್ಲ. ಅದರೊಳಗೆ ಸಾಲಾಗಿ ತೂಗುಹಾಕಿದ ಬ್ರಷ್ಷುಗಳಿಗೂ ದಪ್ಪನೆಯ ನಾರಿನ ಚಾಪೆಗಳಿಗೂ ವರ್ಷಗಟ್ಟಲೆಯ ಕಂದು ಲೋಳೆ ಅಂಟಿತ್ತು. ತೊಕುಜಿ ಎಲ್ಲವನ್ನೂ ಹೊರಗೆಳೆದು ನಲ್ಲಿಯ ಪೈಪು ಹಿಡಿದ. ಮೂಲೆಗಳಿಗೆ ಹಲ್ಲುಜ್ಜುವ ಬ್ರಷ್ ಬಳಸಿದ. ಮಧ್ಯಾಹ್ನದ ಹೊತ್ತಿಗೆ ಚಾಪೆಗಳು ಹಾಸಿಗೆಗಳ ಜೊತೆ ಬಿದಿರಿನ ಗಳುವಿನ ಮೇಲೆ ಬಿಸಿಲು ಕಾಯುತ್ತಿದ್ದವು, ಯಾವುದು ಹಾಸಿಗೆ ಯಾವುದು ಚಾಪೆ ಎಂದು ಹೇಳಲಾಗದಷ್ಟು ಬೆಳ್ಳಗೆ.

“ರೀ, ಅಪ್ಪ ಅದನ್ನ ತೊಳೀತಾ ಇರಲಿಲ್ಲ,” ಎಂದಳು ಫುಸಾಯೆ.

“ಅದಕ್ಕೇ ಹಾಗಿತ್ತು.”

ದಿನಾ ತೊಳೆದ. ದಿನಾ ಅರ್ಧ ಕೊಳ ಖಾಲಿ ಮಾಡಿ ಹೊಸ ನಲ್ಲಿ ನೀರು ತುಂಬಿದ. ಒಂದು ವಾರಕ್ಕೆ ಕೊಳ ಕನ್ನಡಿಯಾಯಿತು. ಊರವರು ಒಬ್ಬೊಬ್ಬರಾಗಿ ಬಂದು ನೋಡಿದರು.

“ತಳದ ಕಲ್ಲು ಎಣಿಸಬಹುದಲ್ಲ, ತೊಕುಜಿ ಸಾನ್,” ಎಂದ ಊರ ಮುಖ್ಯಸ್ಥ ಮರುಯಾಮಾ.

“ನಮ್ಮ ಕೈಲಿ ಇಷ್ಟೊಂದು ಆಗಲ್ಲಪ್ಪ,” ಎಂದಳು ಎದುರುಮನೆಯ ಮಿನೆಕೊ. “ಮೀನಿಗೂ ಎಷ್ಟು ಹೊಸದು ಅನಿಸಿರಬೇಕು, ಪಾಪ.”

ಅದಕ್ಕಿಂತ ಕಠೋರವಾಗಿ ಮಾತಾಡುವುದು ಆ ಊರಿನಲ್ಲಿ ಸಾಧ್ಯವಿರಲಿಲ್ಲ. ತೊಕುಜಿ ಇಬ್ಬರಿಗೂ ಬಗ್ಗಿ ವಂದಿಸಿದ.

ಒಂಬತ್ತನೇ ದಿನ ಮೀನು ಆಹಾರ ಮುಟ್ಟಲಿಲ್ಲ. ಹತ್ತನೇ ದಿನ ಮೇಲಕ್ಕೆ ಬಂದು ಗಾಳಿಗೆ ಬಾಯಿ ತೆರೆಯತೊಡಗಿತು. ರೆಕ್ಕೆಗಳ ಅಂಚಿನಲ್ಲಿ ಕೆಂಪು ನೂಲಿನಂಥ ಎಳೆಗಳು ಮೂಡಿದವು. ಹನ್ನೊಂದನೇ ದಿನ ಅದು ಕುಡಿದವರ ಹಾಗೆ ಒಂದು ಪಕ್ಕಕ್ಕೆ ವಾಲಿ ತೇಲುತ್ತಿತ್ತು. ತೊಕುಜಿಗೆ ಕಾರಣ ಸ್ಪಷ್ಟವಾಗಿತ್ತು: ನೀರು ಇನ್ನೂ ಸಾಕಷ್ಟು ಶುದ್ಧವಾಗಿಲ್ಲ. ಅವನು ಎರಡು ಸಲ ತೊಳೆಯತೊಡಗಿದ. ಎಲ್ಲೋ ಓದಿದ ಪ್ರಕಾರ ಉಪ್ಪು ಹಾಕಿದ. ಊರವರ ಕಣ್ಣಿಗೆ ಬೀಳದಂತೆ ಕೊಳದ ಮೇಲೆ ಬಿದಿರಿನ ಪರದೆ ಎಳೆದ. ಸುತ್ತ ಇಪ್ಪತ್ತೊಂದು ಮನೆಗಳಲ್ಲಿ ಮೀನಿನ ಕಾಯಿಲೆ ಬಲ್ಲವರಿದ್ದರು. ಆದರೆ ನೋಟಿಸಿನ ಮಾತಾಡಿದವನು ಅವರ ಬಾಗಿಲಿಗೆ ಹೋಗಿ ‘ನನ್ನ ನೀರಿಗೆ ಏನಾಗಿದೆ’ ಎಂದು ಕೇಳುವುದು ಹೇಗೆ?

ಗುರುವಾರ ಮರುಯಾಮಾ ಮತ್ತೆ ಬಂದ. ಓಬೋನ್ ಹತ್ತಿರವಾಗಿತ್ತು, ಸತ್ತ ಹಿರಿಯರು ಮನೆಗೆ ಬರುವ ಹಬ್ಬಕ್ಕೆ ಮೊದಲು ಸ್ಮಶಾನದ ದಾರಿಯ ಹುಲ್ಲು ಕೊಯ್ಯಲು ಮನೆಗೊಬ್ಬರು ಹೋಗಬೇಕು.

“ಭಾನುವಾರ ಬೆಳಿಗ್ಗೆ ಆರಕ್ಕೆ, ತೊಕುಜಿ ಸಾನ್. ಕುಡುಗೋಲು ನಾವೇ ತರ್ತೀವಿ.”

ಪರದೆಯ ಕೆಳಗಿನಿಂದ ಪಚಕ್ ಎಂಬ ಶಬ್ದ ಬಂತು. ತೊಕುಜಿ ಜೋರಾಗಿ ಕೆಮ್ಮಿದ.

“ಈ ಸಲ ಬರೋಕಾಗಲ್ಲ ಯಜಮಾನ್ರೇ. ಮನೇಲಿ ಹುಷಾರಿಲ್ಲ.”

“ಯಾರಿಗೆ?”

ಆ ಮನೆಯಲ್ಲಿ ಇದ್ದವರು ಇಬ್ಬರು. ಅವರಲ್ಲಿ ಒಬ್ಬ ಮರುಯಾಮಾನ ಎದುರಿಗೇ ನಿಂತಿದ್ದ.

“ಫುಸಾಯೆ ಸಾನ್‌ಗಾ?”

ತೊಕುಜಿ ಹೌದು ಎನ್ನಲಿಲ್ಲ. ತಲೆ ತಗ್ಗಿಸಿದ. ಅಲ್ಲಿ ಅದಕ್ಕೂ ಹೌದು ಎಂದೇ ಅರ್ಥ.

ಫುಸಾಯೆ ಹಿತ್ತಲಲ್ಲಿ ಬದನೆಕಾಯಿ ಕೊಯ್ಯುತ್ತಿದ್ದಳು. ಗಂಡ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ವಿಷಯ ತಿಳಿಸಿದ.

“ನನಗೇನಾಗಿದೆ?” ಎಂದು ಕೇಳಿದಳು.

“ಅದನ್ನ ಇನ್ನೂ ಹೇಳಿಲ್ಲ.”

“ಎಷ್ಟು ದಿನ ಮಲಗಿರಬೇಕು?”

“ಮೀನು ಹುಷಾರಾಗೋವರೆಗೆ.”

ಅವಳು ಕೈಯಲ್ಲಿದ್ದ ಬದನೆಕಾಯಿಯನ್ನು ನೋಡಿದಳು. ಮದುವೆಯಾದ ನಲವತ್ತು ವರ್ಷಗಳಲ್ಲಿ ಅವಳು ಹಗಲು ಹೊತ್ತು ಮಲಗಿದ್ದು ಮಗಳನ್ನು ಹೆತ್ತ ಎರಡು ದಿನ. ಬುಟ್ಟಿಯನ್ನು ಗಂಡನ ಕೈಗೆ ಕೊಟ್ಟು ಎದ್ದಳು.

“ಫ್ಯಾನು ನನ್ನ ಕಡೆಗೆ ತಿರುಗಿಸಿ,” ಎಂದು ಒಳಗೆ ಹೋದಳು.

ಕಾಯಿಲೆಯವರನ್ನು ನೋಡಲು ಹಣ್ಣು ಹಿಡಿದು ಹೋಗುವುದರಲ್ಲಿ ಆ ಊರು ಯಾರಿಗೂ ಕಡಿಮೆಯಿರಲಿಲ್ಲ. ಶುಕ್ರವಾರ ಮಧ್ಯಾಹ್ನದೊಳಗೆ ದೇವರ ಗೂಡಿನ ಮುಂದೆ ಮೂರು ಕರ್ಬೂಜ, ಎರಡು ಪೆಟ್ಟಿಗೆ ಪೀಚ್ ಹಣ್ಣು, ಹನ್ನೆರಡು ಬಟ್ಟಲು ಸಿಹಿ ಜೆಲ್ಲಿ ಸೇರಿದ್ದವು. ಮಿನೆಕೊ ಹಾಸಿಗೆಯ ಪಕ್ಕ ಕೂತು ಅತ್ತಳು. ಫುಸಾಯೆ ಅವಳ ಕೈ ಹಿಡಿದು, “ಇವರಿಗೆ ಅನ್ನ ಮಾಡೋಕೂ ಬರಲ್ಲ,” ಎಂದಳು. ಅದು ನಿಜವಾದ್ದರಿಂದ ಅವಳ ದನಿಯಲ್ಲಿ ಆಳವಿತ್ತು. ಸಂಜೆ ಆರು ಮನೆಗಳಿಂದ ಅಡುಗೆ ಬಂತು.

ಶನಿವಾರ ಪಟ್ಟಣದಿಂದ ಆರೋಗ್ಯ ಕಾರ್ಯಕರ್ತೆ ಕುವಬಾರಾ ತನ್ನ ಸಣ್ಣ ಬಿಳಿ ಕಾರಿನಲ್ಲಿ ಬಂದಳು. ಮೂವತ್ತರ ಹೆಂಗಸು, ಎಲ್ಲವನ್ನೂ ಬರೆದುಕೊಳ್ಳುವವಳು. ಜಗಲಿಯಲ್ಲಿ ಕೂತು ಮೊದಲು ಗಂಡನನ್ನು ವಿಚಾರಿಸಿದಳು. ತೊಕುಜಿಗೆ ಸುಳ್ಳು ಕಟ್ಟುವ ಅಭ್ಯಾಸವಿರಲಿಲ್ಲ. ಕಾಯಿಲೆಯ ಲಕ್ಷಣ ಎಂದು ಅವನ ಬಳಿ ಇದ್ದದ್ದು ಒಂದೇ ಸಂಗ್ರಹ, ಅದರಿಂದಲೇ ತೆಗೆದುಕೊಟ್ಟ.

“ಊಟ ಮಾಡ್ತಿದಾರಾ?”

“ಐದು ದಿನದಿಂದ ಬಾಯಿಗೆ ಏನೂ ಹಾಕಿಲ್ಲ.”

ಕುವಬಾರಾ ಒಳಗೆ ಇಣುಕಿದಳು. ಹಾಸಿಗೆಯ ಪಕ್ಕ ಕರ್ಬೂಜದ ನಾಲ್ಕು ಸಿಪ್ಪೆಗಳಿದ್ದವು. ಬರೆದುಕೊಂಡಳು.

“ಉಸಿರಾಟ?”

“ಕಷ್ಟ. ಮೇಲಕ್ಕೆ ಬಂದು ಬಾಯಿ ತೆಗೀತಾಳೆ.”

“ಎಲ್ಲಿಂದ ಮೇಲಕ್ಕೆ?”

ತೊಕುಜಿ ಯೋಚಿಸಿದ. “ತಳದಿಂದ.”

“ಚರ್ಮ ಹೇಗಿದೆ?”

“ಅಂಚಿನಲ್ಲೆಲ್ಲ ಕೆಂಪು ಎಳೆ ಬಂದಿದೆ. ಲೋಳೆ ಜಾಸ್ತಿ. ಎಡಕ್ಕೆ ವಾಲ್ತಾಳೆ.”

ಪೆನ್ನು ನಿಧಾನವಾಯಿತು. “ಔಷಧಿ ಏನಾದ್ರೂ ಕೊಟ್ರಾ?”

“ಉಪ್ಪು. ನೂರು ಲೀಟರಿಗೆ ಅರ್ಧ ಕಿಲೋ ಲೆಕ್ಕದಲ್ಲಿ.”

ಕುವಬಾರಾ ಒಳಗೆ ಹೋಗಿ ಫುಸಾಯೆಯ ನಾಡಿ, ಬಿಸಿ, ನಾಲಿಗೆ, ರಕ್ತದೊತ್ತಡ ನೋಡಿದಳು. ಈ ವಯಸ್ಸಿನಲ್ಲಿ ಇಷ್ಟು ಒಳ್ಳೆಯ ರಕ್ತದೊತ್ತಡವನ್ನು ಈ ವರ್ಷ ತಾನು ಎಲ್ಲೂ ಕಂಡಿಲ್ಲ ಎಂದು ತಗ್ಗಿದ ದನಿಯಲ್ಲಿ ಒಪ್ಪಿಕೊಂಡಳು. ಆಮೇಲೆ ಹೊರಗೆ ಬಂದು ತೊಕುಜಿಯ ಪಕ್ಕದಲ್ಲಿ, ಮೊದಲಿಗಿಂತ ಹತ್ತಿರ ಕೂತು, ಮೆತ್ತಗೆ ಕೇಳಿದಳು: “ತೊಕುಜಿ ಸಾನ್, ಇವತ್ತು ಯಾವ ವಾರ ಹೇಳ್ತೀರಾ?”

“ಶನಿವಾರ.”

“ನೂರರಿಂದ ಏಳೇಳು ಕಳೀತಾ ಹೋಗ್ತೀರಾ? ಅವಸರ ಇಲ್ಲ.”

ಮೂವತ್ತೆಂಟು ವರ್ಷ ಮೀಟರು ಓದಿದ ಮನುಷ್ಯ ಉಸಿರು ತೆಗೆಯದೆ ಎರಡರವರೆಗೆ ಇಳಿದು, ಇನ್ನೂ ಕೆಳಗೆ ಹೋಗಬೇಕೇ ಎಂದು ಕೇಳಿದ. ಕುವಬಾರಾ ಇದನ್ನೂ ಬರೆದುಕೊಂಡಳು. ದಾರಿಯಲ್ಲಿ ಅವಳು ಮರುಯಾಮಾನಿಗೆ ಗುಟ್ಟಾಗಿ ಹೇಳಿದ್ದು ಇಷ್ಟೇ: ಹೆಂಡತಿಗೆ ಭಯವೇನಿಲ್ಲ, ಗಂಡನ ಮೇಲೆ ಎಲ್ಲರೂ ಒಂದು ಕಣ್ಣಿಟ್ಟಿರಿ. ಗುಟ್ಟು ನಾಲ್ಕು ಮನೆ ದಾಟುವ ಹೊತ್ತಿಗೆ ಹೆಂಡತಿ ಇವತ್ತೋ ನಾಳೆಯೋ ಎಂಬಂತಿದ್ದಳು, ಗಂಡನ ತಲೆ ಆ ದುಃಖಕ್ಕೆ ಕೆಟ್ಟಿತ್ತು. ಇನ್ನೂ ಎರಡು ಕರ್ಬೂಜ ಬಂದವು. ತಂದವರು ತೊಕುಜಿಗೆ ಹಣ್ಣನ್ನು ಎರಡೂ ಕೈಯಲ್ಲಿ ಕೊಟ್ಟು, ಇದು ಕರ್ಬೂಜ ಎಂದು ಬಿಡಿಸಿ ಹೇಳಿದರು.

ಆ ಸಂಜೆ ಮಿನೆಕೊ ಪಟ್ಟಣದ ಆಸ್ಪತ್ರೆಯಲ್ಲಿ ಕಿಹಾಚಿ ಅಜ್ಜನನ್ನು ನೋಡಲು ಹೋದಳು. ಕಾಯಿಲೆಯ ಅಜ್ಜನಿಗೆ ಕೆಟ್ಟ ಸುದ್ದಿ ಹೇಳಬಾರದೆಂದು ಹಾದಿಯುದ್ದಕ್ಕೂ ನಿಶ್ಚಯಿಸಿಕೊಂಡಿದ್ದರಿಂದ, ಕೋಣೆಗೆ ಕಾಲಿಟ್ಟ ಕೂಡಲೇ ಹೇಳಿಬಿಟ್ಟಳು.

ಭಾನುವಾರ ಒಂಬತ್ತು ಗಂಟೆ. ಹುಲ್ಲು ಕೊಯ್ದು ಮುಗಿಸಿ ಹದಿನೆಂಟು ಜನ ಕುಡುಗೋಲು ಹಿಡಿದು ಇಳಿದು ಬರುತ್ತಿದ್ದಾಗ ತೊಕುಜಿಯ ಅಂಗಳದ ಮುಂದೆ ಟ್ಯಾಕ್ಸಿ ನಿಂತಿತು. ಆಸ್ಪತ್ರೆಯ ನಿಲುವಂಗಿ, ಆಸ್ಪತ್ರೆಯ ಚಪ್ಪಲಿಯಲ್ಲಿ ಕಿಹಾಚಿ ಇಳಿದ. ನಡೆಯಲು ಹಿಡಿದುಕೊಳ್ಳುವ ಚೌಕಟ್ಟಿನ ಮೇಲೆ ಒಂದು ಪೆಟ್ಟಿಗೆ ಪೀಚ್ ಹಣ್ಣು ಕಟ್ಟಿಕೊಂಡಿದ್ದ. ಯಾರ ಅನುಮತಿ ಕೇಳಿ ಬಂದಿರಿ ಎಂದು ಮರುಯಾಮಾ ವಿಚಾರಿಸಿದ. ಯಾರದ್ದೂ ಇಲ್ಲ ಎಂದ ಕಿಹಾಚಿ.

ಅವನು ಜಗಲಿಯತ್ತ ಎರಡು ಹೆಜ್ಜೆ ಇಟ್ಟು ನಿಂತ. ಗಾಳಿಯನ್ನು ಮೂಸಿದ. ಚೌಕಟ್ಟನ್ನು ಕೊಳದ ಕಡೆ ತಿರುಗಿಸಿ, ಅದಕ್ಕೆ ಸಿಕ್ಕಿಸಿಕೊಂಡಿದ್ದ ಕೋಲಿನಿಂದ ಪರದೆ ಸರಿಸಿದ.

ಜೀರುಂಡೆಗಳು ಕಿರುಚುತ್ತಿದ್ದವು. ಆ ಶುಭ್ರವಾದ ನೀರಿನಲ್ಲಿ, ಎಣಿಸಬಹುದಾದ ಕಲ್ಲುಗಳ ಮೇಲೆ, ಊರಿನ ಮುಕ್ಕಾಲು ಮೀನುಗಳ ತಾಯಿ ಒಂದು ಪಕ್ಕಕ್ಕೆ ಒರಗಿ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು.

“ಫುಸಾಯೆ ಹೇಗಿದಾಳೆ?” ಕಿಹಾಚಿ ತಿರುಗದೆಯೇ ಕೇಳಿದ.

“ಚೆನ್ನಾಗಿದಾಳೆ,” ಎಂದ ತೊಕುಜಿ.

“ಹಾಗಾದ್ರೆ ಇಷ್ಟು ದಿನ ಹುಷಾರಿಲ್ಲದೆ ಇದ್ದದ್ದು ಇವಳು.”

ತೊಕುಜಿ ನೆಲಕ್ಕೆ ಹಣೆ ತಾಗಿಸಿ ಕೂತುಬಿಟ್ಟ. ಹದಿನೆಂಟು ಜನ ಒಬ್ಬರ ಮುಖ ಒಬ್ಬರು ನೋಡದಂತೆ ಎಚ್ಚರ ವಹಿಸಿದರು. ಮಿನೆಕೊ, ತಾನು ಅತ್ತದ್ದನ್ನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಂತೆ ಕಂಡಿತು.

ಕಿಹಾಚಿ ಬಗ್ಗಲಾರದೆ, ಕೋಲಿನ ತುದಿಯಿಂದ ಫಿಲ್ಟರಿನ ಒಂದು ಬ್ರಷ್ ಎತ್ತಿ ಹಿಡಿದ. ಅದು ಮದುವೆ ಹುಡುಗಿಯ ಬಟ್ಟೆಯ ಹಾಗೆ ಬೆಳ್ಳಗಿತ್ತು.

“ಇದನ್ನ ತೊಳೆದೋರು ಯಾರು?”

“ನಾನು.”

“ಎಷ್ಟು ಸಲ?”

“ದಿನಾ. ಈಚೆಗೆ ಎರಡು ಸಲ.”

“ಯಾವ ನೀರಲ್ಲಿ?”

“ನಲ್ಲಿ ನೀರಲ್ಲೇ ಅಜ್ಜ. ಕ್ಲೋರಿನ್ ಕರಾರುವಾಕ್ಕಾಗಿರೋ ನೀರು. ಆ ಅಳತೆ ಇಟ್ಟೋನೇ ನಾನು.”

“ಈ ಬ್ರಷ್ಷಿಗೆ ಅಂಟಿತ್ತಲ್ಲ ಹೊಲಸು, ಅದಕ್ಕೆ ಜೀವ ಇತ್ತು,” ಎಂದ ಕಿಹಾಚಿ. ಅವನ ದನಿ ಏರಲಿಲ್ಲ. “ಇವಳ ಉಚ್ಚೆ ತಿಂದು ನೀರು ಸರಿ ಮಾಡ್ತಿದ್ದದ್ದು ಅದು. ನಿನ್ನ ಮಾವ ಮೂವತ್ತು ವರ್ಷ ಸಾಕಿದ್ದ. ನೀನು ಅದನ್ನ ಸಾಯಿಸಿ ಬಿಸಿಲಿಗೆ ಹಾಕಿದೆ. ಇವಳು ಈಗ ತನ್ನ ಉಚ್ಚೇಲೇ ಉಸಿರಾಡ್ತಿದಾಳೆ. ಸಾಲದು ಅಂತ ದಿನಾ ಕ್ಲೋರಿನ್ ಬೇರೆ. ತಳ ಚೆನ್ನಾಗಿ ಕಾಣತ್ತೆ, ಅದನ್ನ ಒಪ್ತೀನಿ.”

ತೊಕುಜಿ ತಲೆ ಎತ್ತಲಿಲ್ಲ.

“ಏನೂ ಮಾಡಬೇಡ ಅಂದಿದ್ನಲ್ಲೋ.”

“ಮರ್ಯಾದೆಗೆ ಹೇಳಿದ್ರಿ ಅಂದ್ಕೊಂಡೆ.”

ಅಲ್ಲಿದ್ದ ಹದಿನೆಂಟು ಜನರಿಗೂ ಈ ಉತ್ತರ ನ್ಯಾಯವಾಗಿಯೇ ಕಂಡಿತು. ತಾವಿದ್ದರೂ ಹಾಗೆಯೇ ತಿಳಿಯುತ್ತಿದ್ದೆವು ಎಂಬಂತೆ ಒಂದಿಬ್ಬರು ತಲೆಯಾಡಿಸಿದರು. ಕಿಹಾಚಿ ಅವರತ್ತ ನೋಡಿದ ಮೇಲೆ ನಿಲ್ಲಿಸಿದರು.

“ನಲ್ಲಿ ನಿಲ್ಸಿ. ಗುಡ್ಡದ ಒರತೆ ನೀರು ಹೊತ್ತು ತನ್ನಿ. ಯಾರ ಮನೆ ಫಿಲ್ಟರು ಎಲ್ಲಾದಕ್ಕಿಂತ ಹೊಲಸಾಗಿದೆ? ಅದು ಬೇಕು. ಈಗಲೇ.”

ತನ್ನದೇ ಎಲ್ಲರಿಗಿಂತ ಹೆಚ್ಚು ಎಂದು ಹೇಳಿಕೊಳ್ಳುವುದು, ಅದು ಹೊಲಸೇ ಆಗಿರಲಿ, ಆ ಊರಿನಲ್ಲಿ ಯಾರಿಗೂ ಒಗ್ಗದ ಮಾತು.

“ನಮ್ಮದು ಅಂಥಾ ಹೇಳಿಕೊಳ್ಳೋ ಹೊಲಸೇನಲ್ಲ,” ಎಂದ ಮರುಯಾಮಾ ಸಂಕೋಚದಿಂದ. “ಮುಟ್ಟಿ ಎರಡು ವರ್ಷ ಆಗಿರಬಹುದು ಅಷ್ಟೇ.”

“ನಮ್ಮದು ಮೂರು. ಆದ್ರೆ ನಿಮ್ಮ ಮುಂದೆ ಏನಿಲ್ಲ ಬಿಡಿ, ಯಜಮಾನ್ರೇ,” ಎಂದ ಇನ್ನೊಬ್ಬ.

“ಇವಳು ಸಾಯ್ತಿದಾಳೆ,” ಎಂದ ಕಿಹಾಚಿ.

“ನಮ್ಮೋರು ಹೋದಾಗಿಂದ ನಮ್ಮ ಪೆಟ್ಟಿಗೆ ಮುಚ್ಚಳಾನೇ ತೆಗೆದಿಲ್ಲ,” ಎಂದಳು ಮಿನೆಕೊ ನೆಲ ನೋಡುತ್ತಾ. “ಆರು ವರ್ಷ.”

ಗುಂಪಿನಲ್ಲಿ ಗೌರವದ ಗುಜುಗುಜು ಎದ್ದಿತು. ಕಾಲು ಗಂಟೆಯಲ್ಲಿ ಮಿನೆಕೊಳ ಗಂಡ ಬಿಟ್ಟುಹೋದ ಚಾಪೆಗಳನ್ನು ನಾಲ್ಕು ಜನ ಹಲಗೆಯ ಮೇಲಿಟ್ಟು, ದೇವರ ಪಲ್ಲಕ್ಕಿಯ ಹಾಗೆ ಹೆಗಲೆತ್ತರದಲ್ಲಿ ಹೊತ್ತು ತಂದರು. ಕಪ್ಪು ನೀರು ಅವರ ಬೆವರಿನ ಅಂಗಿಗಳ ಮೇಲೆ ಸುರಿಯುತ್ತಿತ್ತು. ತೊಕುಜಿ ಅವನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಕಣ್ಣು ಮುಚ್ಚಿ, ತನ್ನ ಪೆಟ್ಟಿಗೆಯಲ್ಲಿಟ್ಟ. ಕನ್ನಡಿಯಂಥ ಕೊಳದಲ್ಲಿ ಕಂದು ಮೋಡವೊಂದು ಹರಡಿತು. ಹದಿನೇಳು ವಾರ್ಷಿಕ ತಪಾಸಣೆಗಳಲ್ಲಿ ಪ್ರಶಸ್ತಿಪತ್ರ ಪಡೆದ ಮನುಷ್ಯ ಅದನ್ನು ನಿಂತು ನೋಡಿದ.

ಆಗ ಫುಸಾಯೆ ಹಾಸಿಗೆ ಬಿಟ್ಟು ಜಗಲಿಗೆ ಬಂದಳು. ಕೈಯಲ್ಲಿ ದೊಡ್ಡ ತಟ್ಟೆ, ಅದರಲ್ಲಿ ಹತ್ತೊಂಬತ್ತು ಹೋಳು ಕರ್ಬೂಜ.

“ನೀವು ಏಳಬಾರದು,” ಎಂದಳು ಮಿನೆಕೊ, ಅಭ್ಯಾಸಬಲದಿಂದ.

“ಹಣ್ಣು ನಿಮ್ಮದೇ. ಬಿಸಿಲಲ್ಲಿ ದಣಿದಿದೀರಿ,” ಎಂದಳು ಫುಸಾಯೆ. ಬೇಡ ಬೇಡ ಎಂದು ಎಲ್ಲರೂ ಮೂರು ಸಲ ಹೇಳಿ, ತಿಂದರು.

ಕಿಹಾಚಿ ಅದೇ ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಮರಳಿದ. ಮರುದಿನದಿಂದ ಬೆಳಿಗ್ಗೆ ಏಳಕ್ಕೆ ಅವನ ಫೋನ್ ಬರುತ್ತಿತ್ತು.

“ನೀರಿನ ಬಣ್ಣ?”

“ಹುರಿದ ಚಹಾ ಎಲೆ ಬೇಯಿಸಿದ ಹಾಗೆ.”

“ತಳ ಕಾಣತ್ತಾ?”

“ಇಲ್ಲ, ಅಜ್ಜ.”

“ಒಳ್ಳೇದು.” ಫೋನ್ ಇಡುತ್ತಿದ್ದ.

ತೊಕುಜಿಗೆ ಆ ದಿನಗಳು ಕಠಿಣವಾಗಿದ್ದವು. ಆಹಾರ ಹಾಕುವಂತಿಲ್ಲ. ತೊಳೆಯುವಂತಿಲ್ಲ. ಒರತೆಯಿಂದ ದಿನಕ್ಕೆ ಮೂವತ್ತು ಬಿಂದಿಗೆ ಹೊತ್ತು ಸುರಿದ ಮೇಲೆ ಮಾಡಲು ಉಳಿದಿದ್ದು ಕೂತು ನೋಡುವುದು. ನೀರು ಮಬ್ಬಾಗಿದ್ದರಿಂದ ನೋಡಲೂ ಏನಿರಲಿಲ್ಲ. ಆ ಮಬ್ಬಿನ ಕೆಳಗೆ ಮೀನು ಇದೆಯೋ ಇಲ್ಲವೋ ಎಂಬುದು ಗೊತ್ತಾಗುತ್ತಿದ್ದದ್ದು ಯಾವಾಗಲೋ ಒಮ್ಮೆ ಮೇಲೇಳುವ ಗುಳ್ಳೆಯಿಂದ. ಹೋಗುತ್ತಾ ಬರುತ್ತಾ ಊರವರು ಬೇಲಿಯ ಹತ್ತಿರ ನಿಂತು, ಏನೂ ಕೇಳದೆ, ಸ್ವಲ್ಪ ಹೊತ್ತು ಅವನ ಜೊತೆ ಮಬ್ಬು ನೀರನ್ನು ನೋಡಿ ಹೋಗುತ್ತಿದ್ದರು. ಒಂದು ಮಧ್ಯಾಹ್ನ ಕುವಬಾರಾಳೂ ನಿಂತು ನೋಡಿದಳು. ಈ ಸಲ ಏನೂ ಬರೆದುಕೊಳ್ಳಲಿಲ್ಲ.

ಎಂಟನೇ ದಿನ ಬೆಳಿಗ್ಗೆ, ಕಂದು ನೀರಿನ ನಡುವೆ ಕುಂಕುಮದ ತೇಪೆಯೊಂದು ನೆಟ್ಟಗೆ ಮೇಲೆ ಬಂತು. ತೊಕುಜಿ ಒಂದು ಕಾಳು ಆಹಾರ ಎಸೆದ. ಅದು ಬಾಯಿಗೆ ಹಾಕಿಕೊಂಡಿತು. ಉಗುಳಿತು. ಮತ್ತೆ ಹಾಕಿಕೊಂಡಿತು. ಏಳು ಗಂಟೆಗೆ ಫೋನ್ ಬಂದಾಗ ಅವನು ಬಣ್ಣದ ಪ್ರಶ್ನೆಗೆ ಕಾಯಲಿಲ್ಲ.

“ತಿಂತು,” ಎಂದ.

ಆ ಕಡೆಯಿಂದ ಯಾರೋ ಮೂಗು ಸೀಟಿದ ಶಬ್ದ. ಆಮೇಲೆ, “ಹೂಂ.”

ಆಗಸ್ಟ್ ಕೊನೆಯಲ್ಲಿ ಕಿಹಾಚಿಯನ್ನು ಬಿಟ್ಟು ಕಳಿಸಿದರು. ಮರುಯಾಮಾ ತೊಟ್ಟಿ ತಂದ, ಇಬ್ಬರು ಬಲೆ ತಂದರು, ಅಜ್ಜನ ಕೊಳಕ್ಕೆ ಹಿಂದಿನ ದಿನವೇ ಒರತೆ ನೀರು ತುಂಬಿಸಿ ಮಿನೆಕೊಳ ಚಾಪೆಯ ಒಂದು ತುಂಡನ್ನೂ ಇಟ್ಟಾಗಿತ್ತು. ಅಜ್ಜ ಊರುಗೋಲು ಹಿಡಿದು ತೊಕುಜಿಯ ಕೊಳದ ಬಳಿ ನಿಂತ. ಮೀನು ಅವನ ಹೆಜ್ಜೆ ಗುರುತಿಸಿ ದಡಕ್ಕೆ ಬಂತು.

ನಾಲ್ಕು ವಾರ ನರ್ಸುಗಳ ಜೊತೆ ಇದ್ದು ಕಿಹಾಚಿಗೆ ಒಂದಿಷ್ಟು ನಯ ಹತ್ತಿತ್ತು. ಎದುರಿಗೆ ನಿಂತಿದ್ದ ತೊಕುಜಿ ಬಿಂದಿಗೆ ಹೊತ್ತು ಐದು ಕಿಲೋ ಇಳಿದಿದ್ದ. ಅಜ್ಜ ಗಂಟಲು ಸರಿಮಾಡಿಕೊಂಡ.

“ಈ ಕೊಳ ಅವಳಿಗೆ ಒಗ್ಗಿದ ಹಾಗಿದೆ. ನಿನಗೆ ಬೇಕಿದ್ರೆ ಇಲ್ಲೇ ಇಟ್ಕೊ.”

ತೊಕುಜಿ ಆ ಬೇಸಿಗೆಯಲ್ಲಿ ಕಲಿತದ್ದು ಒಂದೇ ಪಾಠ, ಅದನ್ನು ಭಾರಿ ಬೆಲೆ ತೆತ್ತು ಕಲಿತಿದ್ದ: ಈ ಮನುಷ್ಯ ಹೇಳಿದ್ದೇ ಇವನ ಅರ್ಥ. ಇನ್ನೊಮ್ಮೆ ತಪ್ಪುವುದಿಲ್ಲ ಎಂದುಕೊಂಡು ಅವನು ನೆಟ್ಟಗೆ ನಿಂತ.

“ಆಗಲಿ, ಅಜ್ಜ,” ಎಂದ.

ಮರುಯಾಮಾನ ಕೈಯಿಂದ ತೊಟ್ಟಿ ಜಾರಿತು. ಮಿನೆಕೊ ಆಕಾಶ ನೋಡಿದಳು. ಎಂಬತ್ತೊಂದು ವರ್ಷದಲ್ಲಿ ಮೊದಲನೇ ಸಲ ಬಾಯಿಮಾತಿಗೆ ಒಂದು ಮಾತಾಡಿದ್ದ ಕಿಹಾಚಿ, ತೊಕುಜಿಯ ಮುಖವನ್ನು, ಆಮೇಲೆ ಮೀನನ್ನು ನೋಡಿದ. ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಂಡು ಅವನಿಗೆ ರೂಢಿಯಿರಲಿಲ್ಲ. ನಿಧಾನವಾಗಿ ಹೋಗಿ ಜಗಲಿಯ ಮೇಲೆ ಕೂತ.

“ಫುಸಾಯೆ,” ಎಂದು ಒಳಗೆ ಕೂಗಿದ, “ಟೀ ಕೊಡು.”

ಬೇಡ ಎನ್ನದೆ ತಾನೇ ಕೇಳಿದವನಿಗೆ ಅವಳು ಟೀ ಮಾತ್ರ ಕೊಟ್ಟಳು, ಉಪ್ಪಿನಕಾಯಿ ಕೊಡಲಿಲ್ಲ. ಅವನು ಕತ್ತಲಾಗುವವರೆಗೆ ಕೂತಿದ್ದು ಹೋದ. ಮರುದಿನ ಬೆಳಿಗ್ಗೆ ಆರಕ್ಕೆ ಮತ್ತೆ ಬಂದ. ಆಮೇಲೆ ಪ್ರತಿದಿನವೂ.

ಈಗ ಇಬ್ಬರೂ ಜಗಲಿಯ ಎರಡು ತುದಿಗಳಲ್ಲಿ ಕೂತು, ತಳ ಕಾಣದ ನೀರನ್ನು ನೋಡುತ್ತಿರುತ್ತಾರೆ. ಮಾತು ಕಡಿಮೆ. ಮೀನು ಒಮ್ಮೆ ಇವನ ಕಡೆ ಬರುತ್ತದೆ, ಒಮ್ಮೆ ಅವನ ಕಡೆ. ಹೊರಗಿನಿಂದ ಬಂದವರು ಯಾರಾದರೂ, ಇಷ್ಟು ಚೆಂದದ ಮೀನು ಯಾರದು ಎಂದು ಕೇಳುವುದುಂಟು. “ಅಜ್ಜಂದು,” ಎನ್ನುತ್ತಾನೆ ತೊಕುಜಿ. “ಇವನದ್ದು,” ಎನ್ನುತ್ತಾನೆ ಕಿಹಾಚಿ. ಇಬ್ಬರೂ ಅದನ್ನು ಮರ್ಯಾದೆಗೆ ಹೇಳುತ್ತಿದ್ದಾರೆಂದು ಊರಿಗೆಲ್ಲ ಗೊತ್ತು.